ನಡುವಿನ ಹೆಸರು ಯಾರದು?

ಬೆಳಗಾವಿ ಸೀಮೆಯಲ್ಲಿ ಮನುಷ್ಯನ ಹೆಸರು ಮೂರು ಭಾಗದ್ದು. ಮೊದಲು ಸ್ವಂತ ಹೆಸರು, ನಡುವೆ ಅಪ್ಪನ ಹೆಸರು, ಕೊನೆಗೆ ಅಡ್ಡಹೆಸರು. ಹಳೆಯ ಮೈಸೂರಿನ ಕಡೆಯವರು ಊರು ಮತ್ತು ತಂದೆಯ ಹೆಸರನ್ನು ಒಂದೆರಡು ಅಕ್ಷರಗಳಿಗೆ ಇಳಿಸಿ ತಮ್ಮ ಹೆಸರಿನ ಹಿಂದೆಯೋ ಮುಂದೆಯೋ ಇಟ್ಟುಕೊಂಡರು. ಮುಂಬೈ ಪ್ರಾಂತದ ಆಡಳಿತಕ್ಕೆ ಒಳಪಟ್ಟಿದ್ದ ಈ ಭಾಗದಲ್ಲಿ ಮಾತ್ರ ಅಪ್ಪನ ಹೆಸರು ಪೂರ್ತಿಯಾಗಿ ನಡುವೆ ಬಂದು ಕುಳಿತಿತು. 1956ರಲ್ಲಿ ಕನ್ನಡ ನಾಡು ಒಂದಾದರೂ ಹೆಸರು ಬರೆಯುವ ರೀತಿ ಒಂದಾಗಲಿಲ್ಲ. ಪಾಟೀಲರಿರಲಿ, ಬಡಿಗೇರರಿರಲಿ, ನದಾಫರಿರಲಿ, ಮುಲ್ಲಾಗಳಿರಲಿ, ಜಾತಿ ಮತಗಳ ಭೇದವಿಲ್ಲದೆ ಎಲ್ಲರೂ ಇದನ್ನು ಒಪ್ಪಿಕೊಂಡಿದ್ದಾರೆ. ಬೇರೆ ಅನೇಕ ವಿಷಯಗಳಲ್ಲಿ ಒಂದಾಗದ ಜನ ಈ ಒಂದು ವಿಷಯದಲ್ಲಿ ಒಂದಾಗಿರುವುದರಿಂದಲೇ ಇದನ್ನು ಸ್ವಲ್ಪ ಅನುಮಾನದಿಂದ ನೋಡುವುದು ಒಳ್ಳೆಯದು.

ಗಂಡುಮಗುವಿಗೆ ಈ ಮೂರು ಭಾಗಗಳೂ ಒಮ್ಮೆ ಬಂದವೆಂದರೆ ಕೊನೆಯ ತನಕ ಇರುತ್ತವೆ. ಹೆಣ್ಣುಮಗುವಿನ ಸಂಗತಿ ಹಾಗಲ್ಲ. ಅವಳ ಹೆಸರಿನ ನಡುವಿನ ಜಾಗ ಮದುವೆಯಾಗುವ ತನಕ ಅಪ್ಪನದು, ಮದುವೆಯಾದ ಮೇಲೆ ಗಂಡನದು. ಗೀತಾ ಬಸಪ್ಪ ಪಾಟೀಲ ಎಂಬ ಹುಡುಗಿಯೊಬ್ಬಳು ಇದ್ದಾಳೆಂದು ಇಟ್ಟುಕೊಳ್ಳೋಣ. ಮದುವೆಯ ಮರುದಿನ ಅವಳು ಗೀತಾ ಶಿವಪ್ಪ ಬಡಿಗೇರ ಆಗುತ್ತಾಳೆ. ಮೂರರಲ್ಲಿ ಎರಡು ಭಾಗ ಒಂದೇ ರಾತ್ರಿಯಲ್ಲಿ ಹೋಯಿತು. ಕೆಲವು ಮನೆತನಗಳಲ್ಲಿ ತಟ್ಟೆಯ ಅಕ್ಕಿಯಲ್ಲಿ ಹೊಸ ಹೆಸರು ಬರೆದು ಆ ಗೀತಾ ಎಂಬುದನ್ನೂ ಅಳಿಸುವ ಪದ್ಧತಿ ಇತ್ತು. ಅಂದರೆ ಹೆಣ್ಣಿನ ಹೆಸರಿನಲ್ಲಿ ಅವಳದು ಎಂದು ನಿಶ್ಚಯವಾಗಿ ಹೇಳಬಹುದಾದದ್ದು ಒಂದಕ್ಷರವೂ ಇರಲಿಲ್ಲ.

ಮಗುವಿಗೆ ಯಾವ ಹೆಸರಿಡಬೇಕು ಎಂದು ಹೇಳಿಕೊಡುವ ಪುಸ್ತಕಗಳು ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲಿ ರಾಶಿ ಬಿದ್ದಿವೆ. ಅಕ್ಷರಕ್ಕೆ ಇಷ್ಟು, ನಕ್ಷತ್ರಕ್ಕೆ ಇಷ್ಟು, ಹಿಂದೂ ಹೆಸರು ಇಷ್ಟು, ಮುಸ್ಲಿಂ ಹೆಸರು ಇಷ್ಟು. ಆದರೆ ಹೆಣ್ಣುಮಗುವಿನ ನಡುವಿನ ಹೆಸರು ಯಾವುದಿರಬೇಕು ಎಂಬ ಪ್ರಶ್ನೆಗೆ ಅವುಗಳಲ್ಲಿ ಒಂದು ಪುಟವೂ ಇಲ್ಲ. ಅದು ಆರಿಸುವ ಹೆಸರೇ ಅಲ್ಲ, ತಾನಾಗಿಯೇ ಬರುವ ಹೆಸರು ಎಂದು ಎಲ್ಲರೂ ತಿಳಿದಿದ್ದಾರೆ. ಈ ತಿಳಿವಳಿಕೆಯನ್ನೇ ಪ್ರಶ್ನಿಸಬೇಕಾಗಿದೆ.

ಮೊದಲು ಗೋಕಾಕ ತಾಲೂಕಿನಲ್ಲಿದ್ದು ಈಗ ಮೂಡಲಗಿ ತಾಲೂಕಿಗೆ ಸೇರಿರುವ ಕಲ್ಲೋಳಿಯನ್ನೇ ತೆಗೆದುಕೊಳ್ಳಿ. ಹೆಸರು ಬರೆದಿಡುವ ಅಭ್ಯಾಸ ಈ ಊರಿಗೆ ಹೊಸದಲ್ಲ. ಸವದತ್ತಿಯ ರಟ್ಟರ ಕಾಲದ, 1204ನೆಯ ಇಸವಿಯ ಶಾಸನ ಇಲ್ಲಿದೆ. ನಾಲ್ಕನೆಯ ಕಾರ್ತವೀರ್ಯನ ಆಳ್ವಿಕೆಯಲ್ಲಿ ಶಾಂತಿನಾಥ ಬಸದಿಗೆ ದತ್ತಿ ಬಿಟ್ಟ ಸಂಗತಿಯನ್ನು ಅದು ಹೇಳುತ್ತದೆ. ಆ ಕಾರ್ತವೀರ್ಯನ ತಾಯಿ ಚಂದ್ರಿಕಾದೇವಿ. ರಟ್ಟರ ಶಾಸನಗಳು ಆಕೆಯನ್ನು ಆಕೆಯ ಹೆಸರಿನಿಂದಲೇ ಕರೆದಿವೆ. ಆಕೆ ಲಕ್ಷ್ಮೀದೇವನ ರಾಣಿ, ಕಾರ್ತವೀರ್ಯನ ತಾಯಿ ಎಂದು ಸಂಬಂಧವನ್ನೂ ಹೇಳುತ್ತವೆ. ಆದರೆ ಸಂಬಂಧ ಹೇಳುವ ಮಾತು ಬೇರೆ, ಹೆಸರು ಬೇರೆ. ಎಂಟುನೂರು ವರ್ಷಗಳ ಹಿಂದಿನ ಕಲ್ಲಿಗೆ ಗೊತ್ತಿದ್ದ ಈ ವ್ಯತ್ಯಾಸ ಇಂದಿನ ಅರ್ಜಿ ನಮೂನೆಗೆ ಗೊತ್ತಿಲ್ಲ. ನಮೂನೆಯಲ್ಲಿ ಸಂಬಂಧವೇ ಹೆಸರಿನ ಒಳಗೆ ಹೊಕ್ಕಿದೆ. ಸಂಬಂಧ ಬದಲಾದರೆ ಹೆಸರೂ ಬದಲಾಗಬೇಕು ಎಂಬ ತೊಡಕು ಹುಟ್ಟುವುದು ಇಲ್ಲಿಂದಲೇ.

ಈ ಭಾಗದಲ್ಲಿ ಮಗುವಿಗೆ ಹೆಸರಿಡುವುದು ಮುಖ್ಯವಾಗಿ ಹೆಂಗಸರ ಕಾರ್ಯಕ್ರಮ. ತೊಟ್ಟಿಲಿಗೆ ಹಾಕುವ ದಿನ ಮಗುವಿನ ಸೋದರತ್ತೆ ಬಂದು ಕುರ್ರ್ ಎಂದು ಕಿವಿಯಲ್ಲಿ ಹೆಸರು ಉಸುರುತ್ತಾಳೆ. ಸುತ್ತ ನೆರೆದ ಹೆಂಗಸರು ನಗುತ್ತ ಅವಳ ಬೆನ್ನಿಗೆ ಗುದ್ದುತ್ತಾರೆ. ಗುಗ್ಗರಿ ಹಂಚುತ್ತಾರೆ. ಮುಸ್ಲಿಂ ಮನೆಗಳಲ್ಲಿ ಹುಟ್ಟಿದ ಕೂಡಲೆ ಕಿವಿಯಲ್ಲಿ ಅಜಾನ್ ಹೇಳುತ್ತಾರೆ, ಏಳನೆಯ ದಿನ ಅಕೀಕಾ. ಅಲ್ಲಿಯೂ ಹೆಸರಿನ ಚರ್ಚೆ ಬಹಳಷ್ಟು ನಡೆಯುವುದು ಅಜ್ಜಿ, ಅತ್ತೆ, ಖಾಲಾಗಳ ನಡುವೆಯೇ. ಹೀಗೆ ಮೊದಲ ಹೆಸರಿನಲ್ಲಿ ಹೆಂಗಸರ ಕೈ ಇದೆ. ನಡುವಿನ ಹೆಸರಿಗೆ ಅತ್ತೆಯೂ ಬೇಕಿಲ್ಲ, ತೊಟ್ಟಿಲೂ ಬೇಕಿಲ್ಲ. ಅದನ್ನು ಬರೆಯುವವನು ನೋಂದಣಿ ಮಾಡುವ ಗುಮಾಸ್ತ. ಒಂಬತ್ತು ತಿಂಗಳು ಹೊತ್ತವಳ ಹೆಸರು ಅದೇ ಪತ್ರದ ಬೇರೊಂದು ಕಾಲಮ್ಮಿನಲ್ಲಿ ಇರುತ್ತದೆ. ಆದರೆ ಅದು ಮಗಳ ಹೆಸರಿನ ಒಳಗೆ ಬರುವುದಿಲ್ಲ.

ಇದಕ್ಕಿಂತ ವಿಚಿತ್ರವಾದ ಸಂಗತಿ ಇನ್ನೊಂದಿದೆ. ಈ ಭಾಗದ ಹಿಂದಿನ ತಲೆಮಾರಿನ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮದುವೆ, ಸೀಮಂತ, ತೊಟ್ಟಿಲ ಕಾರ್ಯಗಳಲ್ಲಿ ಗೆಳತಿಯರು ಒತ್ತಾಯಿಸಿದಾಗ ಒಡಪು ಹಾಕಿ, ಆ ಪ್ರಾಸದ ಮರೆಯಲ್ಲಿ ಒಮ್ಮೆ ಹೇಳಿ ಮುಖ ಮುಚ್ಚಿಕೊಳ್ಳುತ್ತಿದ್ದರು. ಮುಸ್ಲಿಂ ಮನೆಗಳಲ್ಲಿಯೂ "ಅವರು" ಅಥವಾ ಮಗುವಿನ ಹೆಸರು ಹಿಡಿದು "ಇಂಥವನ ಅಬ್ಬಾ" ಎನ್ನುವುದೇ ವಾಡಿಕೆ. ಅಂಥ ಹೆಂಗಸು ಕಚೇರಿಗೆ ಹೋದಾಗ ಗುಮಾಸ್ತ "ಪೂರ್ತಿ ಹೆಸರು ಹೇಳ್ರಿ" ಎನ್ನುತ್ತಾನೆ. ಅವಳು ತನ್ನ ಹೆಸರು ಹೇಳಿ ನಿಲ್ಲಿಸುತ್ತಾಳೆ. ಜೊತೆಗೆ ಬಂದ ಮಗನನ್ನು ತಿವಿದು "ನಿಮ್ಮಪ್ಪನ ಹೆಸರ ಹೇಳೋ" ಎನ್ನುತ್ತಾಳೆ. ತನ್ನ ಹೆಸರನ್ನು ತಾನೇ ಪೂರ್ತಿಯಾಗಿ ಉಚ್ಚರಿಸಲಾಗದ ಸ್ಥಿತಿ ಇದು. ಬಾಯಿಂದ ಹೇಳಬಾರದ ಹೆಸರು ಕಾಗದದ ಮೇಲೆ ಅವಳ ಹೆಸರಿನ ನಡುಮಧ್ಯದಲ್ಲಿದೆ. ಇದನ್ನು ಗೌರವ ಎನ್ನುವವರು ಉಂಟು. ಗೌರವವೇ ಇರಬಹುದು. ಆದರೆ ಆ ಗೌರವ ಎರಡೂ ಕಡೆಯಿಂದ ಬರುವುದಿಲ್ಲ. ಹೆಂಡತಿಯ ಹೆಸರನ್ನು ನಡುವೆ ಇಟ್ಟುಕೊಂಡ ಗಂಡಸನ್ನು ಈ ಸೀಮೆ ಕಂಡಿಲ್ಲ.

ಇದೆಲ್ಲ ಹೆಸರಿನ ಮಾತು, ಹೊಟ್ಟೆಪಾಡಿನದಲ್ಲ ಎಂದು ಯಾರಾದರೂ ಹೇಳಬಹುದು. ಹೊಟ್ಟೆಪಾಡಿಗೂ ಇದಕ್ಕೂ ಸಂಬಂಧವಿದೆ. ಹುಡುಗಿಯ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಅಪ್ಪನ ಹೆಸರಿನ ಜೊತೆ ಇರುತ್ತದೆ. ಮದುವೆಯ ನಂತರ ಮಾಡಿಸಿದ ಆಧಾರ್, ರೇಷನ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು ಗಂಡನ ಹೆಸರಿನ ಜೊತೆ. ಒಬ್ಬಳೇ ಹೆಂಗಸು ಕಾಗದದ ಮೇಲೆ ಇಬ್ಬರಾಗಿರುತ್ತಾಳೆ. 2023ರಲ್ಲಿ ಕರ್ನಾಟಕ ಸರಕಾರ ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ ಕೊಡಲು ಆರಂಭಿಸಿದಾಗ, ಒಂದು ದಾಖಲೆಯ ಹೆಸರು ಇನ್ನೊಂದಕ್ಕೆ ತಾಳೆಯಾಗದೆ ಅಲೆದಾಡಿದ ಹೆಂಗಸರು ಊರೂರಿನಲ್ಲಿ ಸಿಕ್ಕರು. ಗಂಡಸಿಗೂ ಅಕ್ಷರ ತಪ್ಪಿನ ತೊಂದರೆ ಬರುತ್ತದೆ. ಆದರೆ ಅವನದು ಬರೆದವರ ತಪ್ಪು. ಹೆಂಗಸಿನದು ಪದ್ಧತಿಯೇ ಹುಟ್ಟಿಸಿದ ತೊಂದರೆ.

ಹೊಲದ ಉತಾರದ ಪ್ರಶ್ನೆ ಇನ್ನೂ ದೊಡ್ಡದು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದ ಹಕ್ಕುಂಟು ಎಂದು ಕರ್ನಾಟಕ 1994ರಲ್ಲಿಯೇ ಕಾಯ್ದೆಗೆ ತಿದ್ದುಪಡಿ ತಂದಿತು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದು ಮದುವೆಯಾದ ಮಗಳೂ ಸಮಪಾಲುದಾರಳಾದಳು. ಮುಸ್ಲಿಂ ಮಗಳಿಗೆ ಅಪ್ಪನ ಆಸ್ತಿಯಲ್ಲಿ ಶರೀಅತ್ ನಿಗದಿ ಮಾಡಿದ ಪಾಲು ಮೊದಲಿನಿಂದಲೂ ಇದೆ. ಎರಡೂ ಕಡೆ ಕಾನೂನು ಅವಳನ್ನು ಅಪ್ಪನ ಮಗಳು ಎಂದೇ ಗುರುತಿಸುತ್ತದೆ. ಹೆಸರು ಮಾತ್ರ ಅವಳನ್ನು ಆ ಮನೆಯಿಂದ ಹೊರಗೆ ಹಾಕಿದೆ. ವಂಶಾವಳಿ ಬರೆಸುವಾಗ ಅಣ್ಣತಮ್ಮಂದಿರ ಹೆಸರುಗಳು ಅಪ್ಪನ ಹೆಸರಿನೊಂದಿಗೆ ಸಲೀಸಾಗಿ ಕೂಡಿಕೊಳ್ಳುತ್ತವೆ. ಅಕ್ಕತಂಗಿಯರ ಹೆಸರು ಬೇರೆ ಯಾರದೋ ಮನೆಯವರ ಹೆಸರಿನಂತೆ ಕಾಣುತ್ತದೆ. "ಹೊರಗ ಹೋದ ಹೆಣ್ಣು" ಎಂಬ ಮಾತಿಗೆ ಆಗ ಕಾಗದವೇ ಸಾಕ್ಷಿ ನುಡಿಯುತ್ತದೆ. ಪಾಲು ಕೇಳದಂತೆ ಅವಳ ಬಾಯಿ ಮುಚ್ಚಿಸುವ ಕೆಲಸವನ್ನು ಅಣ್ಣತಮ್ಮಂದಿರಿಗಿಂತ ಮೊದಲು ಅವಳ ಹೆಸರೇ ಶುರು ಮಾಡಿರುತ್ತದೆ.

ಈ ತೊಂದರೆ ಎಲ್ಲಿಯ ತನಕ ಹೋಗಬಹುದು ಎಂಬುದನ್ನು ಅಸ್ಸಾಮ್ ತೋರಿಸಿಕೊಟ್ಟಿತು. ಅಲ್ಲಿ ರಾಷ್ಟ್ರೀಯ ಪೌರತ್ವ ನೋಂದಣಿ ನಡೆದಾಗ ಪ್ರತಿಯೊಬ್ಬರೂ ತಮ್ಮ ಹಿರಿಯರೊಂದಿಗಿನ ನಂಟನ್ನು ಕಾಗದದಲ್ಲಿ ತೋರಿಸಬೇಕಾಗಿತ್ತು. ಶಾಲೆಗೆ ಹೋಗದ, ಚಿಕ್ಕ ವಯಸ್ಸಿನಲ್ಲಿ ಮದುವೆಯಾಗಿ ಬೇರೆ ಊರಿಗೆ ಹೋದ ಹೆಂಗಸರ ಬಳಿ ಅಪ್ಪನ ಮಗಳು ಎಂದು ಹೇಳುವ ಕಾಗದವೇ ಇರಲಿಲ್ಲ. ಇದ್ದದ್ದೆಲ್ಲ ಗಂಡನ ಹೆಂಡತಿ ಎಂದು ಹೇಳುವ ಕಾಗದ. ಪಂಚಾಯತಿ ಕಾರ್ಯದರ್ಶಿಯ ಪ್ರಮಾಣಪತ್ರವೊಂದೇ ಅವರಿಗೆ ಆಸರೆಯಾಗಿತ್ತು. 2017ರ ಫೆಬ್ರವರಿಯಲ್ಲಿ ಗುವಾಹಾಟಿ ಹೈಕೋರ್ಟು ಅದನ್ನು ತಳ್ಳಿಹಾಕಿತು. ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಪರಿಶೀಲನೆಗೆ ಒಳಪಟ್ಟು ಅದನ್ನು ಬಳಸಬಹುದೆಂದು ಹೇಳಿತು. 2019ರ ಆಗಸ್ಟಿನಲ್ಲಿ ಕೊನೆಯ ಪಟ್ಟಿ ಬಂದಾಗ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದಿದ್ದರು. ಆ ಹತ್ತು ತಿಂಗಳು ಮದುವೆಯಾದ ಹೆಂಗಸರು ಅನುಭವಿಸಿದ ಆತಂಕ ಅವರ ಗಂಡಂದಿರಿಗಾಗಲಿ ಅಣ್ಣತಮ್ಮಂದಿರಿಗಾಗಲಿ ಇರಲಿಲ್ಲ. ನಡುವಿನ ಹೆಸರು ಬದಲಾಯಿಸುವುದು ನಿರುಪದ್ರವಿ ಸಂಪ್ರದಾಯ ಎನ್ನುವವರು ಇದನ್ನು ನೆನಪಿಡಬೇಕು.

ಕನ್ನಡ ಸಾಹಿತ್ಯದ ಕಡೆಗೆ ಹೊರಳಿದರೂ ಇದೇ ಕಥೆ ಕಾಣುತ್ತದೆ. 1930ರ ದಶಕದಲ್ಲಿ ಕಥೆ ಬರೆದ ಕೊಡಗಿನ ಗೌರಮ್ಮ ಅವುಗಳ ಕೆಳಗೆ ಹಾಕುತ್ತಿದ್ದ ಹೆಸರು "ಮಿಸೆಸ್ ಬಿ.ಟಿ.ಜಿ. ಕೃಷ್ಣ". ಅದರಲ್ಲಿ ಗೌರಮ್ಮ ಎಂಬುದು ಎಲ್ಲಿಯೂ ಇಲ್ಲ. ಎಂ.ಕೆ. ಇಂದಿರಾ ಅವರ ಹೆಸರಿನ ಮುಂದಿನ ಎರಡು ಅಕ್ಷರಗಳು ಅಪ್ಪನವಲ್ಲ, ಪತಿ ಕೃಷ್ಣರಾಯರವು. ವೆಂಕಟಲಕ್ಷ್ಮಿಯಾಗಿ ಹುಟ್ಟಿದವರು ಅನುಪಮಾ ನಿರಂಜನ ಆದರು. ನಿರಂಜನ ಎಂಬುದು ಕುಳಕುಂದ ಶಿವರಾಯರ ಕಾವ್ಯನಾಮ. ಅಂದರೆ ಪತಿಯ ಕಾವ್ಯನಾಮ ಪತ್ನಿಯ ಹೆಸರಿನ ಭಾಗವಾಯಿತು. ಸಾರಾ ಅಬೂಬಕ್ಕರ್ ಮತ್ತು ಬಾನು ಮುಷ್ತಾಕ್, ಕನ್ನಡದ ಈ ಇಬ್ಬರು ದೊಡ್ಡ ಮುಸ್ಲಿಂ ಲೇಖಕಿಯರ ಎರಡನೆಯ ಹೆಸರೂ ಪತಿಯದೇ. ಇದಕ್ಕಾಗಿ ಅವರನ್ನು ಆಕ್ಷೇಪಿಸುವುದು ಸಣ್ಣತನ. ಅವರ ಕಾಲದಲ್ಲಿ ಬರೆಯಲು ಕುಳಿತದ್ದೇ ದೊಡ್ಡ ಸಾಹಸ. ಮೇಲಾಗಿ ಇಲ್ಲಿ ಲೆಕ್ಕ ತಿರುವುಮುರುವಾಗಿದೆ. ಅಬೂಬಕ್ಕರ್ ಎಂಬ ಹೆಸರು ಕನ್ನಡದ ಓದುಗರಿಗೆ ಪರಿಚಯವಾದದ್ದು ಸಾರಾ ಅವರಿಂದ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ಮುಷ್ತಾಕ್ ಎಂಬ ಹೆಸರು ಲೋಕಕ್ಕೆ ಕೇಳಿಸಿದ್ದು ಬಾನು ಅವರಿಂದ. ಗಂಡನ ಹೆಸರಿನಿಂದ ಹೆಂಡತಿ ಗುರುತಾಗುತ್ತಾಳೆ ಎಂಬ ಸೂತ್ರವನ್ನು ಇವರು ತಮ್ಮ ಬರಹದಿಂದಲೇ ಸುಳ್ಳಾಗಿಸಿದರು.

ಆದರೆ ಅವರ ಬರಹದ ಒಳಗಿನ ಹೆಣ್ಣಿಗೆ ಆ ಅನುಕೂಲ ಇಲ್ಲ. ಲಂಕೇಶ್ ಪತ್ರಿಕೆಯಲ್ಲಿ 1981ರಲ್ಲಿ ಧಾರಾವಾಹಿಯಾಗಿ ಬಂದ ಸಾರಾ ಅವರ "ಚಂದ್ರಗಿರಿಯ ತೀರದಲ್ಲಿ" ಕಾದಂಬರಿಯ ನಾದಿರಾಳನ್ನು ನೆನೆಯಿರಿ. ಗಂಡ ರಶೀದನೊಂದಿಗೆ ಸುಖವಾಗಿದ್ದವಳನ್ನು ಅಪ್ಪ ಮಹಮ್ಮದ್ ಖಾನ್ ತನ್ನ ಹಟಕ್ಕಾಗಿ ಅವನಿಂದ ಬೇರ್ಪಡಿಸುತ್ತಾನೆ. ಮತ್ತೆ ಗಂಡನನ್ನು ಸೇರಬೇಕಾದರೆ ಇನ್ನೊಬ್ಬನ ಹೆಂಡತಿಯಾಗಿ ಒಂದು ರಾತ್ರಿ ಕಳೆಯಬೇಕೆಂದು ಊರು ಹೇಳುತ್ತದೆ. ನಾದಿರಾ ಮಸೀದಿಯ ಕೆರೆಯನ್ನು ಆರಿಸಿಕೊಳ್ಳುತ್ತಾಳೆ. ಈ ಕೃತಿಯನ್ನು ತಲಾಖ್ ಪದ್ಧತಿಯ ವಿಮರ್ಶೆಯಾಗಿ ಓದಿದವರೇ ಹೆಚ್ಚು. ಅದು ಸರಿಯೇ. ಆದರೆ ಆ ಪದ್ಧತಿ ಇಲ್ಲದ ಮನೆಗಳ ಓದುಗರು ಇದು ನಮ್ಮ ಕಥೆಯಲ್ಲ ಎಂದು ಪುಸ್ತಕ ಮುಚ್ಚಲು ಆ ಓದು ದಾರಿ ಮಾಡಿಕೊಟ್ಟಿತು. ನಾದಿರಾಳ ಸಂಕಟದ ಬೇರು ಇನ್ನೂ ಆಳದಲ್ಲಿದೆ. ಅವಳು ಮೊದಲು ಅಪ್ಪನವಳು, ಆಮೇಲೆ ಗಂಡನವಳು, ಮತ್ತೆ ಅಪ್ಪನವಳು, ಕೊನೆಗೆ ಒಂದು ರಾತ್ರಿಯ ಮಟ್ಟಿಗೆ ಯಾರವಳೋ. ಪ್ರತಿ ಸಲವೂ ಅವಳ ಹೆಸರಿನ ಮುಂದಿನ ಜಾಗವನ್ನು ಬೇರೊಬ್ಬ ಗಂಡಸು ತುಂಬುತ್ತಾನೆ. ಆ ಜಾಗ ಖಾಲಿ ಬಿಟ್ಟು ನಾದಿರಾ ಬರೀ ನಾದಿರಾ ಆಗಿ ಬದುಕಲು ಆ ಊರಿನಲ್ಲಿ ನೆಲ ಇರಲಿಲ್ಲ. ಚಂದ್ರಗಿರಿ ಹೊಳೆಯ ದಡದ ಈ ಕಥೆ ಘಟಪ್ರಭೆಯ ದಡಕ್ಕೂ ಸಲ್ಲುತ್ತದೆ, ಹಿಂದೂ ಮನೆಗೂ ಸಲ್ಲುತ್ತದೆ.

ಹಾಗಾದರೆ ಕನ್ನಡ ಸಂಸ್ಕೃತಿಗೆ ಹೆಣ್ಣನ್ನು ಕರೆಯಲು ಬೇರೆ ದಾರಿ ಗೊತ್ತೇ ಇರಲಿಲ್ಲವೇ? ಗೊತ್ತಿತ್ತು. ಬಿ.ಟಿ.ಜಿ. ಕೃಷ್ಣರ ಶ್ರೀಮತಿಯನ್ನು ಕನ್ನಡ ಓದುಗರು ಕೊಡಗಿನ ಗೌರಮ್ಮ ಎಂದು ಮರುನಾಮಕರಣ ಮಾಡಿದರು. ಪತಿಯ ಜಾಗದಲ್ಲಿ ನಾಡು ಬಂತು. 1824ರಲ್ಲಿ ಇಂಗ್ಲಿಷರನ್ನು ಎದುರಿಸಿದ ರಾಣಿ ಕಾಕತಿಯಲ್ಲಿ ಹುಟ್ಟಿದವಳು, ಮಲ್ಲಸರ್ಜನ ಕೈಹಿಡಿದವಳು. ಆದರೆ ಜನ ಅವಳನ್ನು ಮಲ್ಲಸರ್ಜನ ಚೆನ್ನಮ್ಮ ಎನ್ನಲಿಲ್ಲ, ಕಿತ್ತೂರ ಚೆನ್ನಮ್ಮ ಎಂದರು. ಬೆಳವಡಿ ಮಲ್ಲಮ್ಮನೂ ಹಾಗೆಯೇ. ಶ್ರೀಕೃಷ್ಣ ಪಾರಿಜಾತದ ಕಲಾವಿದೆಗೆ ಕೌಜಲಗಿ ನಿಂಗಮ್ಮ ಎಂಬ ಹೆಸರು ನಿಂತಿತು. ಆ ಕೌಜಲಗಿ ಕಲ್ಲೋಳಿಯ ಸೀಮೆಯದೇ. ಗಂಗೂಬಾಯಿ ಹಾನಗಲ್ ಅವರ ತಂದೆ ಚಿಕ್ಕೂರಾವ್ ನಾಡಿಗೇರ, ಪತಿ ಗುರುರಾವ್ ಕೌಲಗಿ. ಅವರು ನಾಡಿಗೇರರೂ ಆಗಲಿಲ್ಲ, ಕೌಲಗಿಯವರೂ ಆಗಲಿಲ್ಲ, ಹಾನಗಲ್ ಆಗಿಯೇ ಹಾಡಿದರು. ಅವರ ಮಗಳೂ ಕೃಷ್ಣಾ ಹಾನಗಲ್ ಎಂದೇ ತಾಯಿಯ ಪಕ್ಕ ಕುಳಿತು ದನಿ ಕೂಡಿಸಿದರು. ತಾಯಿಯ ಹೆಸರು ಮಗಳಿಗೆ ಇಳಿದ ಉದಾಹರಣೆ ನಮ್ಮ ಕಣ್ಣಮುಂದೆಯೇ ಇತ್ತು. ಬೀಳಗಿಯಿಂದ ಹೊರಟು 1943ರ "ಕಿಸ್ಮತ್" ಚಿತ್ರದ ಹಾಡುಗಳಿಂದ ದೇಶದ ಮನೆಮಾತಾದ ಅಮೀರಬಾಯಿ ಕರ್ನಾಟಕಿಯ ಹೆಸರಿನಲ್ಲಂತೂ ಇಡೀ ನಾಡೇ ಇದೆ. ಕರ್ನಾಟಕ ಎಂಬ ಹೆಸರು ನಮ್ಮ ರಾಜ್ಯಕ್ಕೆ ಬಂದದ್ದು 1973ರಲ್ಲಿ. ಅದಕ್ಕೂ ಎಷ್ಟೋ ಮೊದಲು ಒಬ್ಬ ಮುಸ್ಲಿಂ ಹೆಣ್ಣುಮಗಳು ಅದನ್ನು ತನ್ನ ಹೆಸರಿನಲ್ಲಿ ಹೊತ್ತಿದ್ದಳು.

ಇವರೆಲ್ಲ ಸಾಮಾನ್ಯರಲ್ಲ, ರಾಣಿಯರು, ಕಲಾವಿದೆಯರು ಎನ್ನಬಹುದು. ಹನ್ನೆರಡನೆಯ ಶತಮಾನದ ಶರಣೆಯರು ಸಾಮಾನ್ಯರೇ ಆಗಿದ್ದರು. ಅಲ್ಲಿ ಎರಡು ಬಗೆಯ ಹೆಸರುಗಳನ್ನು ಕಾಣುತ್ತೇವೆ. ಒಂದು, ಕಾಯಕದ ಹೆಸರು: ಆಯ್ದಕ್ಕಿ ಲಕ್ಕಮ್ಮ, ಕದಿರ ರೆಮ್ಮವ್ವೆ, ಕೊಟ್ಟಣದ ಸೋಮವ್ವೆ. ಅಕ್ಕಿ ಆಯುವುದು, ನೂಲು ತೆಗೆಯುವುದು, ಭತ್ತ ಕುಟ್ಟುವುದು ಇವರ ಗುರುತು. ಇನ್ನೊಂದು, ಗಂಡನ ಮೂಲಕ ಬಂದ ಹೆಸರು: ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆ, ಎಡೆಮಠದ ನಾಗಿದೇವಯ್ಯಗಳ ಪುಣ್ಯಸ್ತ್ರೀ ಮಸಣಮ್ಮ. ಅಷ್ಟು ದೊಡ್ಡ ಸಮಾನತೆಯ ಚಳವಳಿಯೂ ಈ ಎರಡನೆಯ ಬಗೆಯನ್ನು ಪೂರ್ತಿ ಬಿಡಲಿಲ್ಲ ಎಂಬುದನ್ನು ಒಪ್ಪಬೇಕು. ಆದರೆ ಲಕ್ಕಮ್ಮನ ಅಂಕಿತ ಇಲ್ಲಿ ನಮಗೆ ಬಹಳ ಮುಖ್ಯ. ಅದು "ಮಾರಯ್ಯಪ್ರಿಯ ಅಮರೇಶ್ವರಲಿಂಗ". ಮಾರಯ್ಯ ಅವಳ ಗಂಡ. ಅವನು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹೋಗಿ ಸುರಿದು ಬಾ ಎಂದು ತಿದ್ದಿದವಳು ಇದೇ ಲಕ್ಕಮ್ಮ. ಗಂಡನನ್ನು ತಿದ್ದುವ ಅಧಿಕಾರ ಉಳಿಸಿಕೊಂಡು ಅವನ ಹೆಸರನ್ನು ತಾನಾಗಿ ತನ್ನ ವಚನದಲ್ಲಿ ಇಟ್ಟುಕೊಂಡಳು. ಅವಳನ್ನು ಜನ ಕರೆದದ್ದು ಮಾತ್ರ ಅವಳ ಕಾಯಕದಿಂದ. ಗಂಡನ ಹೆಸರನ್ನು ಪ್ರೀತಿಯಿಂದ ಇಟ್ಟುಕೊಳ್ಳುವುದಕ್ಕೂ, ಕಚೇರಿಯವರು ಕೇಳದೆ ತುಂಬುವುದಕ್ಕೂ ಇರುವ ಅಂತರ ಇದು. ನಮ್ಮ ವಾದ ಗಂಡನ ಹೆಸರಿನ ವಿರುದ್ಧವಲ್ಲ, ಕೇಳದಿರುವುದರ ವಿರುದ್ಧ.

ಮುಸ್ಲಿಂ ಮನೆತನಗಳಲ್ಲಿ ಗಂಡನ ಹೆಸರು ಹಚ್ಚಿಕೊಳ್ಳುವುದು ಧರ್ಮದ ಕಟ್ಟಳೆ ಎಂದು ನಂಬಿದವರಿದ್ದಾರೆ. ಇತಿಹಾಸ ಬೇರೆಯೇ ಹೇಳುತ್ತದೆ. ಪ್ರವಾದಿಯವರ ಪತ್ನಿಯರನ್ನು ಖದೀಜಾ ಬಿಂತ್ ಖುವೈಲಿದ್, ಆಯಿಷಾ ಬಿಂತ್ ಅಬೂಬಕರ್, ಹಫ್ಸಾ ಬಿಂತ್ ಉಮರ್ ಎಂದೇ ಚರಿತ್ರೆ ದಾಖಲಿಸಿದೆ. ಬಿಂತ್ ಎಂದರೆ ಮಗಳು. ಅವರು ಯಾರನ್ನು ಮದುವೆಯಾದರೂ ಆ ಹೆಸರು ಬದಲಾಗಲಿಲ್ಲ. ಪ್ರವಾದಿಯವರ ಪತ್ನಿಯರಾಗಿಯೂ ಅವರು ತಮ್ಮ ತಂದೆಯರ ಮಕ್ಕಳಾಗಿಯೇ ಉಳಿದರು. ಬೆಳಗಾವಿಯ ಮುಸ್ಲಿಂ ಹೆಂಗಸಿನ ನಡುವೆ ಗಂಡನ ಹೆಸರು ಬಂದಿದ್ದರೆ ಅದು ಅರಬಸ್ತಾನದಿಂದ ಬಂದದ್ದಲ್ಲ, ಪಕ್ಕದ ಮನೆಯ ವಾಡಿಕೆ ಮತ್ತು ಕಚೇರಿಯ ಕಾಲಮ್ಮಿನಿಂದ ಬಂದದ್ದು. ದೂರದ ಐಸ್‌ಲ್ಯಾಂಡಿನಲ್ಲಿಯೂ ಹೆಣ್ಣಿನ ಎರಡನೆಯ ಹೆಸರು ಇಂಥವರ ಮಗಳು ಎಂದೇ ಹೇಳುತ್ತದೆ. ಮದುವೆ ಅದನ್ನು ಮುಟ್ಟುವುದಿಲ್ಲ. 1980ರಲ್ಲಿ ಅಲ್ಲಿಯ ಅಧ್ಯಕ್ಷೆಯಾಗಿ ಆಯ್ಕೆಯಾದ ವಿಗ್ದಿಸ್ ಫಿನ್‌ಬೋಗಾದೊತ್ತಿರ್ ಅವರ ಹೆಸರಿಗೆ ಫಿನ್‌ಬೋಗಿಯ ಮಗಳು ಎಂದೇ ಅರ್ಥ. ಅಪ್ಪನ ಹೆಸರಾದರೂ ಬಾಳಿನುದ್ದಕ್ಕೂ ನಿಂತರೆ ಅದಕ್ಕೊಂದು ಬೆಲೆ ಇದೆ ಎಂಬುದು ಈ ಎರಡೂ ಉದಾಹರಣೆಗಳಿಂದ ತಿಳಿಯುತ್ತದೆ.

ಈಗ ಗಡಿಯಾಚೆಗೆ ನೋಡೋಣ. ಗೋಕಾಕ, ಹುಕ್ಕೇರಿ ಕಡೆಯ ಮನೆತನಗಳಿಗೆ ಕೊಲ್ಲಾಪುರ, ಸಾಂಗಲಿಯ ಜೊತೆ ಹೆಣ್ಣು ಕೊಡುವ ತರುವ ಸಂಬಂಧಗಳಿವೆ. ಹೆಸರು ಬರೆಯುವ ರೀತಿಯೂ ಒಂದೇ. ಅಲ್ಲಿ ಮಹಾರಾಷ್ಟ್ರ ಸರಕಾರ 2024ರಲ್ಲಿ ಒಂದು ತೀರ್ಮಾನ ತೆಗೆದುಕೊಂಡಿತು. ಆ ವರ್ಷದ ಮೇ 1ರಿಂದ ಹುಟ್ಟುವ ಮಗುವಿನ ಹೆಸರನ್ನು ಸರಕಾರಿ ದಾಖಲೆಗಳಲ್ಲಿ ಮಗುವಿನ ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮದಲ್ಲಿ ಬರೆಯಬೇಕು. ತಾಯಿ ಬೇರೆ ಕಾಲಮ್ಮಿನಿಂದ ಎದ್ದು ಮಗುವಿನ ಹೆಸರಿನ ಒಳಗೆ, ಅದೂ ತಂದೆಗಿಂತ ಮೊದಲು ಬಂದಳು. ನಮ್ಮದೇ ಪದ್ಧತಿಯನ್ನು ನಮ್ಮ ನೆರೆಯವರು ಒಳಗಿನಿಂದ ಸಡಿಲಿಸಿದ್ದಾರೆ. ಇದನ್ನು ಮನಸಾರೆ ಸ್ವಾಗತಿಸಬೇಕು.

ಆದರೆ ಅದೇ ತೀರ್ಮಾನದ ಇನ್ನೊಂದು ಸಾಲು ಮೊದಲ ಸಾಲಿನ ಅರ್ಧವನ್ನು ಹಿಂದಕ್ಕೆ ತೆಗೆದುಕೊಂಡಿದೆ. ಮದುವೆಯಾದ ಹೆಂಗಸಿನ ವಿಷಯದಲ್ಲಿ ಅವಳ ಹೆಸರು, ಗಂಡನ ಹೆಸರು, ಅಡ್ಡಹೆಸರು ಎಂ‌ಬ ಹಳೆಯ ರೀತಿಯೇ ಮುಂದುವರಿಯುತ್ತದೆ ಎನ್ನುತ್ತದೆ ಅದು. ಅಂದರೆ 2024ರಲ್ಲಿ ಹುಟ್ಟಿದ ಹುಡುಗನ ಹೆಸರಿನಲ್ಲಿ ತಾಯಿ ಸಾಯುವ ತನಕ ಇರುತ್ತಾಳೆ. ಹುಡುಗಿಯ ಹೆಸರಿನಲ್ಲಿ ಅವಳು ಇರುವುದು ಮದುವೆಯ ಮಂಟಪದ ತನಕ. ತಾಯಿಯ ಹೆಸರು ಮಗನಿಗೆ ಆಸ್ತಿ, ಮಗಳಿಗೆ ಎರವಲು. ಹೆಣ್ಣಿಗೆ ಗೌರವ ಕೊಡುವ ಉದ್ದೇಶದ ಕ್ರಮವೂ ಹೆಣ್ಣಿಗೇ ಕಡಿಮೆ ಕೊಟ್ಟಿತು. ನಡುವಿನ ಹೆಸರಿನ ನಿಜವಾದ ಪ್ರಶ್ನೆ ಅಲ್ಲಿ ಅಪ್ಪನದೋ ಅಮ್ಮನದೋ ಎಂಬುದಷ್ಟೇ ಅಲ್ಲ, ಇಟ್ಟ ಹೆಸರು ಉಳಿಯುತ್ತದೆಯೇ ಇಲ್ಲವೇ ಎಂಬುದು ಎಂದು ಇದರಿಂದ ಸ್ಪಷ್ಟವಾಗುತ್ತದೆ.

ಅಪ್ಪನ ಹೆಸರನ್ನು ಹಗುರವಾಗಿ ತೆಗೆದುಹಾಕಬಹುದೆಂದೂ ನಾವು ಹೇಳುತ್ತಿಲ್ಲ. ಸವದತ್ತಿ ಎಲ್ಲಮ್ಮನ ಈ ಜಿಲ್ಲೆಯಲ್ಲಿ ಅಪ್ಪನ ಹೆಸರಿಲ್ಲದೆ ಶಾಲೆಯ ಬಾಗಿಲಲ್ಲಿ ತಲೆತಗ್ಗಿಸಿ ನಿಂತ ಮಕ್ಕಳು ಎಷ್ಟೋ. ದೇವದಾಸಿಯರಾಗಿ ಬಿಟ್ಟ ತಾಯಂದಿರ ಮಕ್ಕಳು ಅವರು. ಅಪ್ಪನಾರು ಎಂದು ಊರಿಗೆಲ್ಲ ಗೊತ್ತಿದ್ದರೂ ಕಾಗದದಲ್ಲಿ ಅವನು ಇರುತ್ತಿರಲಿಲ್ಲ. ಅವರಿಗೆ ಅಪ್ಪನ ಹೆಸರು ನಿರಾಕರಿಸಲ್ಪಟ್ಟ ಹಕ್ಕು. ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆಯನ್ನು ಕರ್ನಾಟಕ 1982ರಲ್ಲಿ ಮಾಡಿತು. 2025ರಲ್ಲಿ ವಿಧಾನಸಭೆ ಒಪ್ಪಿದ ಹೊಸ ಮಸೂದೆ ಈ ಮಕ್ಕಳಿಗೆ ಎರಡೂ ದಾರಿ ತೆರೆಯಿತು: ಬೇಕೆಂದರೆ ತಂದೆ ಯಾರೆಂದು ಗುರುತಿಸುವಂತೆ ಕೇಳಬಹುದು, ಬೇಡವೆಂದರೆ ಅರ್ಜಿಯಲ್ಲಿ ತಂದೆಯ ಹೆಸರು ಬರೆಯಲೇಬೇಕೆಂಬ ಬಲವಂತವಿಲ್ಲ. 2015ರಲ್ಲಿ ಸುಪ್ರೀಂ ಕೋರ್ಟು ಅವಿವಾಹಿತ ತಾಯಿಯೊಬ್ಬಳು ತಂದೆಯ ಹೆಸರು ಹೇಳದೆ ಮಗುವಿನ ಪಾಲಕಿಯಾಗಬಹುದೆಂದು ಹೇಳಿತ್ತು. 2016ರ ಕೊನೆಯಲ್ಲಿ ಪಾಸ್‌ಪೋರ್ಟ್ ನಿಯಮಗಳೂ ತಂದೆ ತಾಯಿಯರಲ್ಲಿ ಒಬ್ಬರ ಹೆಸರು ಸಾಕೆಂದು ಸಡಿಲಗೊಂಡವು. ಕೆಳಗಿನವರ ಅವಮಾನದಿಂದ ಹುಟ್ಟಿದ ಈ ಬದಲಾವಣೆಗಳು ಉಳಿದ ಎಲ್ಲರಿಗೂ ಒಂದು ಮಾತು ಹೇಳುತ್ತಿವೆ: ಹೆಸರಿನ ನಡುವಿನ ಜಾಗ ಹುಟ್ಟಿನಿಂದ ಯಾರಿಗೂ ಮೀಸಲಲ್ಲ, ಅದು ಆಯ್ಕೆಯ ಜಾಗ.

ಈ ಆಯ್ಕೆಯನ್ನು ಮಾಡಲು ಕಲ್ಲೋಳಿಯ ತಂದೆತಾಯಿ ಹೊಸ ಕಾಯ್ದೆಗೆ ಕಾಯಬೇಕಾಗಿಲ್ಲ. ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಆಗ ಹೆಸರು ನಿಶ್ಚಯವಾಗದಿದ್ದರೆ ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಲು ಅವಕಾಶವಿದೆ. 2023ರ ತಿದ್ದುಪಡಿ ಜಾರಿಗೆ ಬಂದ ಅಕ್ಟೋಬರ್ 1ರ ಅನಂತರ ಹುಟ್ಟಿದವರಿಗೆ ಶಾಲೆಯ ಪ್ರವೇಶದಿಂದ ಮದುವೆಯ ನೋಂದಣಿಯ ತನಕ ಹುಟ್ಟಿದ ದಿನ ಮತ್ತು ಊರಿಗೆ ಈ ಜನನ ಪ್ರಮಾಣಪತ್ರವೇ ಆಧಾರ. ಆದ್ದರಿಂದ ಅದರಲ್ಲಿ ಮಗಳ ಹೆಸರು ಹೇಗೆ ಬರೆಸುತ್ತೇವೆ ಎಂಬುದು ಹಿಂದೆಂದಿಗಿಂತ ಈಗ ಮುಖ್ಯ. ನಡುವೆ ತಾಯಿಯ ಹೆಸರು ಇಡಬಹುದು. ತಾಯಿ ತಂದೆ ಇಬ್ಬರದನ್ನೂ ಇಡಬಹುದು. ಉದ್ದವಾಗುತ್ತದೆ ಎಂದು ಅಂಜಬೇಕಿಲ್ಲ, ಉದ್ದದ ಹೆಸರಿನ ಪಾಟೀಲರೂ ಇನಾಮದಾರರೂ ಬಾಳಿ ಬದುಕಿದ್ದಾರೆ. ಜಾತಿ ಹೇಳುವ ಅಡ್ಡಹೆಸರು ಬೇಡವೆನಿಸಿದವರು ಅದನ್ನು ಬಿಟ್ಟು ಊರಿನ ಹೆಸರು ಇಡಬಹುದು. ತಾಯಿಯ ಹೆಸರೆಂದರೆ ಕೊನೆಗೆ ಅವಳ ಅಪ್ಪನ ಹೆಸರೇ ತಾನೆ ಎಂದು ವಾದಿಸುವವರಿದ್ದಾರೆ. ಅಲ್ಲ. ನಡುವೆ ಬರುವುದು ತಾಯಿಯ ಸ್ವಂತ ಹೆಸರು, ತೊಟ್ಟಿಲ ದಿನ ಅವಳ ಸೋದರತ್ತೆ ಅವಳ ಕಿವಿಯಲ್ಲಿ ಉಸುರಿದ ಹೆಸರು.

ಯಾವುದನ್ನೇ ಇಟ್ಟರೂ ಎರಡನೆಯ ಹೆಜ್ಜೆಯೊಂದಿದೆ, ಅದಿಲ್ಲದೆ ಮೊದಲನೆಯದು ವ್ಯರ್ಥ. ಮದುವೆಯಾದ ಹೆಣ್ಣು ಹೆಸರು ಬದಲಾಯಿಸಬೇಕೆಂದು ನಮ್ಮ ದೇಶದ ಯಾವ ಕಾನೂನೂ ಹೇಳುವುದಿಲ್ಲ. ಬದಲಾಯಿಸುವವರು ನಾವು. ಮಾತುಕತೆಗೆ ಕುಳಿತಾಗ ಬಂಗಾರ ಎಷ್ಟು, ಊಟಕ್ಕೆ ಎಷ್ಟು ಜನ, ಬಟ್ಟೆ ಯಾರದು ಎಂದೆಲ್ಲ ಹಿರಿಯರು ನಿಶ್ಚಯಿಸುತ್ತಾರೆ. ನಮ್ಮ ಮಗಳ ಹೆಸರು ಇದ್ದಂತೆಯೇ ಇರುತ್ತದೆ ಎಂಬ ಒಂದು ಮಾತನ್ನೂ ಅಲ್ಲಿಯೇ ಆಡಿ ಮುಗಿಸಬಹುದು. ಸೊಸೆ ತರುವವರು, ನಿನ್ನ ಹೆಸರು ಬದಲಾಯಿಸುವ ಕಾರಣವಿಲ್ಲವ್ವಾ ಎಂದು ತಾವಾಗಿಯೇ ಹೇಳಿದರೆ ಇನ್ನೂ ಒಳ್ಳೆಯದು. ಅವಳೇ ಲಕ್ಕಮ್ಮನಂತೆ ಗಂಡನ ಹೆಸರನ್ನು ಪ್ರೀತಿಯಿಂದ ಇಟ್ಟುಕೊಂಡರೆ ಯಾರ ತಕರಾರೂ ಇರಬಾರದು. ಆದರೆ ಅದು ಅವಳು ಹೇಳಿ ಬರೆಸಿದ್ದಾಗಿರಬೇಕು, ಗುಮಾಸ್ತ ಕೇಳದೆ ಬರೆದದ್ದಲ್ಲ.